ತೌಡವ್ವ ಉರ್ಫ್ ನೀಲಿಮಾ

ಸದಾಶಿವ ಪೇಠ, ಪುಣೆ
೧೧ ಜುಲೈ ೨೦೨೫, ಶುಕ್ರವಾರ

ಚಿ. ಸೌ. ಸ್ನೇಹಲ್‌ಗೆ,

ನಿನ್ನ ಅವ್ವನ ತುಂಬುಮನದ ಆಶೀರ್ವಾದ. ನಾಗಪುರದಲ್ಲಿ ನೀನು, ಪುನೀತ, ಚಿನ್ನು ಮೂವರೂ ಆರಾಮ ಇದ್ದೀರೆಂದು ಗೊತ್ತು, ನಿನ್ನೆಯೇ ಫೋನಿನಲ್ಲಿ ಮಾತಾಡಿದ್ದೇವೆ. ಆದರೂ ಕಾಗದ ಅಂದಮೇಲೆ ಕೇಳಬೇಕು, ಕೇಳಿದ್ದೇನೆ. ನಾನೂ ಆರಾಮ. ಮಂಡಿನೋವು ಮಳೆಗಾಲದಲ್ಲಿ ಎಷ್ಟಿರಬೇಕೋ ಅಷ್ಟೇ ಇದೆ.

ದಿನಾ ಫೋನು ಮಾಡುವವಳು ಇದೇಕೆ ಲಕೋಟೆಗೆ ಅಂಚೆಚೀಟಿ ಅಂಟಿಸಿ ಕಳಿಸಿದಳು ಎಂದು ನಿನಗೆ ನಗು ಬರಬಹುದು. ಫೋನಿನಲ್ಲಿ ನಾನು ಒಂದು ವಿಷಯ ಎತ್ತಿದರೆ ನೀನು ಮೂರು ಮಾತಿನಲ್ಲಿ ಅದನ್ನು ಮುಗಿಸಿ ಕುಕ್ಕರ್ ಸೀಟಿ ಹೊಡೆಯಿತು ಎನ್ನುತ್ತೀ. ಇದು ಹಾಗೆ ಮುಗಿಸುವ ವಿಷಯವಲ್ಲ. ಕೂತು ಓದು.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಮೇ ತಿಂಗಳಲ್ಲಿ ನೀನು ಇಟ್ಟುಹೋದ ಹೆಸರು ಬದಲಾವಣೆಯ ಅರ್ಜಿಗೆ ಸಹಿ ಯಾಕೆ ಆಗಿಲ್ಲ ಎಂದು ಕೇಳಿದಾಗಲೆಲ್ಲ ನಾನು ಒಂದೊಂದು ನೆಪ ಹೇಳಿದೆ. ಒಮ್ಮೆ ಮಂಡಿನೋವು, ಒಮ್ಮೆ ಮಳೆ, ಒಮ್ಮೆ ಫೋಟೋ ಸ್ಟುಡಿಯೋ ಮುಚ್ಚಿದೆ. ಮೂರೂ ಸುಳ್ಳು. ಅರ್ಜಿ ಟಿವಿಯ ಕೆಳಗಿನ ಖಾನೆಯಲ್ಲಿ ಇಟ್ಟಲ್ಲೇ ಇತ್ತು, ದಿನಕ್ಕೆರಡು ಸಲ ತೆಗೆದು ನೋಡಿ ಮತ್ತೆ ಇಡುತ್ತಿದ್ದೆ.

ನೀನು ಸಿಂಗಾಪುರ ಪ್ರವಾಸಕ್ಕೆ ನನ್ನ ಪಾಸ್‌ಪೋರ್ಟು ಮಾಡಿಸಲೆಂದು ಹಳೆಯ ಕಾಗದಪತ್ರದ ತಗಡಿನ ಡಬ್ಬಿ ತೆರೆದ ದಿನ ನೆನಪಿದೆಯಲ್ಲ. ಸೊಲ್ಲಾಪುರದ ಶಾಲೆಯ ದಾಖಲೆ ಕೈಗೆ ಸಿಕ್ಕಿತು. "ಕು. ತೌಡವ್ವ ಮುರುಗೆಪ್ಪ ಹಂಜಗಿ." ನೀನು ಅದನ್ನು ಎರಡು ಸಲ ಓದಿ, "ಅವ್ವಾ, ಇದು ಯಾರ ಸರ್ಟಿಫಿಕೇಟು ನಿನ್ನ ಡಬ್ಬ್ಯಾಗ ಬಂದದ?" ಎಂದೆ. "ನಂದೇ" ಎಂದೆ ನಾನು. ನೀನು ನನ್ನ ಮುಖ ನೋಡಿದೆ, ಕಾಗದ ನೋಡಿದೆ, ಆಮೇಲೆ ನಕ್ಕೆ. ನೀನು ನಕ್ಕಿದ್ದಕ್ಕೆ ಚಿನ್ನು ನಕ್ಕಳು. ನೀನು ಫೋನಿನಲ್ಲಿ ಮಕ್ಕಳ ಹೆಸರಿನ ಅರ್ಥ ಹೇಳುವ ಯಾವುದೋ ಜಾಲತಾಣ ತೆರೆದು ಆ ಹೆಸರು ಹೊಡೆದು ನೋಡಿದೆ. ಅರ್ಥ ಸಿಗಲಿಲ್ಲ, ಜನಪ್ರಿಯತೆ ಸೊನ್ನೆ, ಶುಭ ಬಣ್ಣ ಮಾತ್ರ ಹಸಿರು ಎಂದು ಬಂತು. "ಅರ್ಥಾನೇ ಇಲ್ಲಂತ, ಆದ್ರ ಲಕ್ಕಿ ಕಲರ್ ಅದ ನೋಡು" ಎಂದು ಓದಿ ಹೇಳಿದೆ. ನಾನೂ ನಕ್ಕೆ. ನಿನ್ನದೇನೂ ತಪ್ಪಿಲ್ಲ ಮಗಳೇ. ಮೂವತ್ತೇಳು ವರ್ಷ ನಿನಗೆ ನಾನು ಹೇಳದೆ ಇಟ್ಟದ್ದು ಅದು.

ಮದುವೆಯ ದಿನ ನಿನ್ನ ಅಪ್ಪ ತಾಟಿನಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ "ನೀಲಿಮಾ" ಎಂದು ಬರೆದರು. ಮದುಮಗಳಿಗೆ ಹೊಸ ಹೆಸರಿಡುವುದು ಈ ಕಡೆಯ ಪದ್ಧತಿ, ಹೆಸರು ಅವರೇ ಆರಿಸಿದ್ದು. ಆ ಕ್ಷಣ ನನಗೆ ಎಷ್ಟು ಖುಷಿಯಾಯಿತು ಎಂದರೆ, ಗಂಡ ಸಿಕ್ಕದ್ದಕ್ಕಿಂತ ಹೆಚ್ಚು ಹೆಸರು ಸಿಕ್ಕದ್ದಕ್ಕೆ ಖುಷಿಪಟ್ಟೆ ಎಂದು ಮುಂದೆ ಅವರಿಗೇ ಹೇಳಿದ್ದೆ. ಶಾಲೆಯಲ್ಲಿ ನಮ್ಮ ಕನ್ನಡದ ಮಾಸ್ತರರು "ತೌಡು ಕುಟ್ಟುವುದು" ಎಂದರೆ ಪ್ರಯೋಜನವಿಲ್ಲದ ಕೆಲಸ ಎಂದು ವಿವರಿಸಿದ ದಿನ ಇಡೀ ವರ್ಗ ತಿರುಗಿ ನನ್ನನ್ನು ನೋಡಿತ್ತು. ಅಲ್ಲಿಂದ ಏಳನೆಯ ಇಯತ್ತೆ ಮುಗಿಯುವವರೆಗೆ ನಾನು ಎದ್ದು ನಿಂತರೆ ಸಾಕು, ಹಿಂದಿನ ಬೆಂಚಿನಿಂದ ಕುಟ್ಟುವ ಸದ್ದು.

"ಮಗಳಿಗೆ ದನಾ ತಿನ್ನೋ ತೌಡಿನ ಹೆಸರು ಯಾಕಿಟ್ರು?" ಎಂದು ನೀನು ಕೇಳಿದೆ. ಗೊತ್ತಿಲ್ಲ ಎಂದೆ. ಅದು ಸುಳ್ಳಲ್ಲ. ನನ್ನ ಅವ್ವ ನಾನು ಆರು ವರ್ಷದವಳಿದ್ದಾಗ ಹೋದಳು. ಅಪ್ಪ ಊರು ಬಿಟ್ಟು ನನ್ನನ್ನು ಸೊಲ್ಲಾಪುರಕ್ಕೆ ಕರೆತಂದು, ತಾನು ಜವಳಿ ಅಂಗಡಿಯಲ್ಲಿ ಕಾರಕೂನನಾಗಿ, ನನ್ನನ್ನು ಅತ್ತೆಯ ಕೈಗೆ ಒಪ್ಪಿಸಿದ. ಅಪ್ಪ ಮಾತು ಕಡಿಮೆ. ಅತ್ತೆ ಊರಿನ ಸುದ್ದಿ ಎತ್ತಿದರೆ ಸಿಟ್ಟಾಗುತ್ತಿದ್ದಳು. ನನಗೆ ನಾನೇ ಒಂದು ಉತ್ತರ ಮಾಡಿಕೊಂಡಿದ್ದೆ. ಹೆಣ್ಣು ಹುಟ್ಟಿತು, ಬೇಡವಾಗಿತ್ತು, ಕೇರಿ ಬಿಸಾಡುವ ತೌಡಿನ ಹೆಸರು ಇಟ್ಟರು. ಯಾರನ್ನಾದರೂ ಕೇಳಿ ಅದೇ ಖರೆ ಎಂದರೆ ಏನು ಮಾಡಲಿ ಎಂದು ಕೇಳಲೇ ಇಲ್ಲ.

ಆದರೆ ನಿನ್ನ ಅರ್ಜಿಯಲ್ಲಿ "ಬದಲಾವಣೆಯ ಕಾರಣ" ಎಂಬ ಕಲಂ ಇತ್ತು. ಅಲ್ಲಿ ನೀನು ಪೆನ್ಸಿಲಿನಿಂದ "ಹಳೆಯ ಹೆಸರಿಗೆ ಅರ್ಥವಿಲ್ಲ" ಎಂದು ಬರೆದಿದ್ದೆ, ನಾನು ಪೆನ್ನಿನಿಂದ ತಿದ್ದಿ ಸಹಿ ಹಾಕಲಿ ಎಂದು. ಪೆನ್ನು ಹಿಡಿದು ಕೂತೆ. ನಿನ್ನ ಅಪ್ಪ ಜನ್ಮವಿಡೀ ಕಚೇರಿಯಲ್ಲಿ ಕಾಗದ ನೋಡಿದವರು. ತಪಾಸಣೆ ಮಾಡದೆ ಸಹಿ ಹಾಕಬಾರದು ಎಂದು ಸಾವಿರ ಸಲ ಹೇಳಿದ್ದರು. ಅರ್ಥ ಇದೆಯೋ ಇಲ್ಲವೋ ನೋಡದೆ ಇಲ್ಲ ಎಂದು ಹೇಗೆ ಬರೆದುಕೊಡಲಿ? ಅಲ್ಲಿಂದ ನನ್ನ ತಲೆಗೆ ಹುಳ ಹೊಕ್ಕಿತು.

ಮೇಲಿನ ಮಹಡಿಯ ಶರ್ವರಿ ಗೊತ್ತಲ್ಲ, ಸರ್ಕಾರಿ ಪರೀಕ್ಷೆಗೆ ಓದುತ್ತಿರುವ ಹುಡುಗಿ, ಸಂಜೆ ಚಹಾಕ್ಕೆ ನನ್ನಲ್ಲಿಗೆ ಇಳಿದು ಬರುವವಳು. ಅವಳಿಗೆ ಹೇಳಿದೆ. ಮತದಾರರ ಪಟ್ಟಿಯಲ್ಲಿ ಹುಡುಕಿದರೆ ಎಷ್ಟು ಜನಕ್ಕೆ ಈ ಹೆಸರಿದೆ, ಅವರ ವಯಸ್ಸೆಷ್ಟು ಎಲ್ಲ ತಿಳಿಯುತ್ತದೆ ಎಂದಳು. ಇಂಡಿ ತಾಲೂಕಿನ ನಮ್ಮೂರು ಮತ್ತು ಸುತ್ತಲಿನ ನಾಲ್ಕು ಹಳ್ಳಿಯ ಪಟ್ಟಿ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಪಟ್ಟಿ ಕನ್ನಡದಲ್ಲಿ, ಅವಳಿಗೆ ಕನ್ನಡ ಬಾರದು. ಅವಳು ಪುಟ ತಿರುಗಿಸುವುದು, ನಾನು ಕನ್ನಡಕ ಏರಿಸಿ ಓದುವುದು. ನಾಲ್ಕು ಸಂಜೆ ಹೀಗೆ ಕೂತೆವು. ಇದು ನನ್ನ ಇತಿಹಾಸದ ಪುಸ್ತಕಕ್ಕಿಂತ ಚೆನ್ನಾಗಿದೆ ಕಾಕು ಎಂದು ಮರಾಠಿಯಲ್ಲಿ ಹೇಳುತ್ತ ಚಿವಡಾ ತಿಂದು ಮುಗಿಸಿದಳು.

ನಿನ್ನ ಜಾಲತಾಣಕ್ಕೆ ಹೇಳು, ಸೊನ್ನೆಯಲ್ಲ. ಐದು ಹಳ್ಳಿಯಲ್ಲಿ ಮೂವರು ತೌಡವ್ವ, ಇಬ್ಬರು ತೌಡಪ್ಪ ಇದ್ದಾರೆ. ಒಬ್ಬಳಿಗೆ ಎಪ್ಪತ್ತೊಂದು, ಒಬ್ಬಳಿಗೆ ಎಪ್ಪತ್ತೆಂಟು, ಇನ್ನೊಬ್ಬಳಿಗೆ ಎಂಬತ್ತೈದು. ಅರವತ್ತರ ಕೆಳಗೆ ಒಬ್ಬರೂ ಇಲ್ಲ. ಆ ಪಟ್ಟಿಯಲ್ಲಿ ಹೆಸರಿದ್ದಿದ್ದರೆ ನಾನೇ ಎಲ್ಲರಿಗಿಂತ ಚಿಕ್ಕವಳು. ಅರವತ್ತೊಂದಕ್ಕೆ ಚಿಕ್ಕವಳು ಎನಿಸಿಕೊಳ್ಳುವ ಸುಖ ನಿನಗೆ ಈಗ ತಿಳಿಯದು. ನಿನ್ನ ಶಾಲೆಯ ವರ್ಗವೊಂದರಲ್ಲೇ ಮೂವರು ಸ್ನೇಹಲ್ ಇದ್ದಿರಿ, ಕಲಿಸುವ ಬಾಯಿಯವರು ಅಪ್ಪನ ಹೆಸರು ಸೇರಿಸಿ ಕರೆಯಬೇಕಾಗುತ್ತಿತ್ತು.

ನಾಲ್ಕನೆಯ ಸಂಜೆ ಶರ್ವರಿ, ತೌಡು ಎಂದರೇನು ಎಂದು ಕೇಳಿದಳು. ಹಿಟ್ಟು ಜರಡಿ ಹಿಡಿದರೆ, ಕಾಳು ಕುಟ್ಟಿದರೆ ಉಳಿಯುವ ಸಿಪ್ಪೆಯ ಪುಡಿ ಎಂದೆ. ಅವಳು ಚಹಾದ ಕಪ್ಪು ಕೆಳಗಿಟ್ಟು, "ಮ್ಹಣಜೇ ಕೊಂಡಾ", ಅಂದರೆ ಕೊಂಡಾ, ಎಂದಳು. ಮರಾಠಿಯಲ್ಲಿ ಅದೇ ವಸ್ತುವಿಗೆ ಕೊಂಡಾ ಎನ್ನುತ್ತಾರೆ. ಅವಳ ಮುತ್ತಜ್ಜಿಯ ಹೆಸರು ಕೊಂಡಾಬಾಯಿಯಂತೆ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಹಿಡಿ ತೌಡಿಗೆ ಬೇರೆಯವರಿಗೆ ಮಾರಿದಂತೆ ಮಾಡುತ್ತಿದ್ದರು ಎಂದು ಅವಳ ಅಜ್ಜಿ ಹೇಳಿದ್ದಳಂತೆ. "ನಿಮ್ಮದೂ ಹಾಗೇ ಏನೋ ಇರಬೇಕು ಕಾಕು" ಎಂದು ಸಹಜವಾಗಿ ಹೇಳಿ ಅವಳು ಕ್ಲಾಸಿಗೆ ಹೋದಳು. ನಾನು ಕೂತಲ್ಲೇ ಕೂತೆ. ದೀಪ ಹಾಕುವುದೂ ಮರೆತಿತ್ತು.

ಮರುದಿನ ಬಸವಪ್ರಭುವಿಗೆ ಫೋನು ಮಾಡಿದೆ. ಸೊಲ್ಲಾಪುರದ ಅತ್ತೆಯ ಮಗನಲ್ಲವೇ, ಅತ್ತೆ ಸಾಯುವ ಮೊದಲು ಅವನಿಗಾದರೂ ಏನಾದರೂ ಹೇಳಿರಬಹುದು ಎಂದು. ಅವನು ಇಲ್ಲೇ ಪುಣೆಯ ಕೊಂಢವಾದಲ್ಲಿರುವ ತನ್ನ ಹಾರ್ಡ್‌ವೇರ್ ಅಂಗಡಿಯನ್ನು ಹುಡುಗರಿಗೆ ಬಿಟ್ಟು ಸ್ಕೂಟರಿನಲ್ಲಿ ಬಂದೇಬಿಟ್ಟ, ನನಗೇನೋ ಆಗಿದೆ ಎಂದು ತಿಳಿದು.

"ಈ ವಯಸ್ಸಿನಾಗ ಯಾಕಕ್ಕಾ ನಿನಗ ಆ ಹೆಸರಿನ ಉಸಾಬರಿ? ಬಿಡು ಅತ್ತ."

"ನನ್ನ ಹೆಸರು ಅದು. ಮತ್ತ್ಯಾರಿಗೆ ಉಸಾಬರಿ?"

ಅವನು ಹೆಲ್ಮೆಟ್ ಕೆಳಗಿಟ್ಟು, "ನನಗೇನೂ ಗೊತ್ತಿಲ್ಲ, ಖರೇನೇ. ನಮ್ಮವ್ವ ಹೇಳಲಿಲ್ಲ. ಆದ್ರ ನಿಮ್ಮೂರಿನ ಪಾರವ್ವ ಅಂತ ಒಬ್ಬ ಮುದುಕಿ ದೇಹೂ ರೋಡಿನ್ಯಾಗ ಅದಾಳ, ಮಗನ ಕ್ವಾರ್ಟರ್ಸ್‌ನ್ಯಾಗ. ಹೋದ ವರ್ಷ ಲಗ್ನದಾಗ ಭೆಟ್ಟಿ ಆಗಿದ್ಲು. ನಿಮ್ಮ ಮನಿ ಬಾಜೂ ಮನಿ ಸೊಸಿ. ನಿನ್ನ ಭಾಳ ಕೇಳಿದ್ಲು" ಎಂದ.

ಹೋದ ವರ್ಷ ಕೇಳಿದ್ದನ್ನು ಇವನು ಈಗ ಹೇಳುತ್ತಾನೆ. ಗಂಡಸರ ಕೈಯಲ್ಲಿ ಸುದ್ದಿ ಕೊಟ್ಟರೆ ಹೀಗೇ.

ಮೊನ್ನೆ ಬುಧವಾರ ಶಿವಾಜಿನಗರದಿಂದ ಲೋಕಲ್ ರೈಲು ಹಿಡಿದು ದೇಹೂ ರೋಡಿಗೆ ಹೋದೆ. ಬಸವಪ್ರಭು ಜೊತೆಗೆ ಬರುತ್ತೇನೆ ಎಂದ, ಬೇಡ ಎಂದೆ. ಪಾರವ್ವನ ಮಗ ಸೇನೆಯ ಉಗ್ರಾಣದಲ್ಲಿ ಕೆಲಸ ಮಾಡುತ್ತಾನೆ. ಗೇಟಿನಲ್ಲಿ ಹೆಸರು ಬರೆಯಿರಿ ಎಂದು ಪುಸ್ತಕ ಕೊಟ್ಟರು. ನೀಲಿಮಾ ಎಂದು ಬರೆದೆ. ಕೈಗೆ ಅದೇ ರೂಢಿ.

ಪಾರವ್ವನಿಗೆ ಎಂಬತ್ನಾಲ್ಕು. ಬಾಗಿಲ ಹತ್ತಿರದ ಮಂಚದ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ನಾನು ಯಾರೆಂದು ಹೇಳುವ ಮೊದಲೇ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ತೌಡವ್ವ" ಎಂದಳು. ನಲವತ್ತು ವರ್ಷದ ಮೇಲೆ ಒಬ್ಬರು ನನ್ನನ್ನು ಆ ಹೆಸರಿನಿಂದ ಕರೆದರು. ಅವಳ ಕಾಲು ಮುಟ್ಟಿ "ಹೌದ್ರಿ" ಎಂದೆ.

ಚಹಾ ಆಯಿತು, ನಿನ್ನ ಅಪ್ಪ ತೀರಿಕೊಂಡ ಸುದ್ದಿ ಕೇಳಿ ಕಣ್ಣೊರೆಸಿಕೊಂಡಿದ್ದಾಯಿತು. ಆಮೇಲೆ ನಾನು ನೇರವಾಗಿ ಕೇಳಿದೆ. "ನನಗ ಆ ಹೆಸರು ಯಾರಿಟ್ರು ಪಾರವ್ವಕ್ಕಾ? ಹೆಣ್ಣಂತ ಬ್ಯಾಡಾಗಿತ್ತೇನು?"

ಅವಳು ಸೊಪ್ಪಿನ ಕಡ್ಡಿ ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. "ಬ್ಯಾಡಾಗಿತ್ತಾ? ಯಾರಂದ್ರು ನಿನಗ ಹಾಂಗ?"

ಅವಳು ಹೇಳಿದ್ದನ್ನು ಆದಷ್ಟು ಅವಳ ಮಾತಿನಲ್ಲೇ ಬರೆಯುತ್ತೇನೆ.

"ನಿನ್ನಕಿಂತ ಮೊದಲು ನಿಮ್ಮವ್ವ ನಾಕು ಹಡದಿದ್ಲು. ಎರಡು ಗಂಡು, ಎರಡು ಹೆಣ್ಣು. ನಿಮ್ಮಪ್ಪ ಸ್ವಾಮಿಗೋಳನ್ನ ಕೇಳಿ ಕೇಳಿ ಒಂದಕ್ಕಿಂತ ಒಂದು ಚಂದ ಹೆಸರಿಟ್ಟ. ಚನ್ನಮಲ್ಲಿಕಾರ್ಜುನ, ರಾಜೇಶ್ವರಿ, ಹಿಂಗ. ಒಂದೂ ದಕ್ಕಲಿಲ್ಲ. ಒಂದು ಎಂಟು ದಿನ ಇತ್ತು, ಒಂದು ವರ್ಷದ ಮ್ಯಾಲ ಇತ್ತು, ನಡೀತಿತ್ತು, ಹೋತು. ನೀ ಹುಟ್ಟಿದಾಗ ನಿಮ್ಮವ್ವ ನಿನ್ನ ಮಾರಿ ನೋಡಲೇ ಇಲ್ಲ. ನನ್ನ ಕಣ್ಣು ತಾಗತದ, ನಾ ನೋಡಂಗಿಲ್ಲ ಅಂದ್ಲು. ಎದುರು ಮನಿ ಅಂಬವ್ವನ್ನ ಕರಿಸಿದ್ಲು. ಅಂಬವ್ವ ಮನಿಮನಿಗೆ ಕುಟ್ಟಾಕ ಬೀಸಾಕ ಹೋಗಾಕಿ. ಆಕಿಗೆ ಐದು ಮಕ್ಕಳು, ಐದೂ ಗಟ್ಟಿ. ಆಕಿ ಕಾಳು ಕೇರೋ ಮರದಾಗ ತೌಡು ತಂದ್ಲು. ನಿಮ್ಮವ್ವ ತೌಡು ಇಸ್ಕೊಂಡು ನಿನ್ನ ಆಕಿ ಉಡ್ಯಾಗ ಹಾಕಿದ್ಲು. ಈ ಕೂಸು ನಂದಲ್ಲ, ತೌಡಿಗೆ ಮಾರೀನಿ ಅಂತ ಮೂರು ಸಲ ಜೋರಾಗಿ ಅಂದ್ಲು, ಊರಿಗೆಲ್ಲ ಕೇಳೋ ಹಾಂಗ."

"ಯಾರಿಗೆ ಕೇಳಲಿ ಅಂತ?"

"ಒಯ್ಯಾಕ ಬರೋರಿಗೆ. ತೌಡಿಗೆ ಮಾರೋ ಕೂಸು ಒಯ್ದು ಏನ್ಮಾಡ್ತಾರ? ಬಿಟ್ಟು ಹೋಗ್ತಾರ."

ಐದು ದಿನ ನಾನು ಅಂಬವ್ವನ ಮನೆಯಲ್ಲಿದ್ದೆನಂತೆ. ಹಸಿಬಾಣಂತಿ ನನ್ನ ಅವ್ವ ತಲೆಗೆ ಬಟ್ಟೆ ಕಟ್ಟಿಕೊಂಡು ದಿನಕ್ಕೆ ಆರು ಸಲ ಓಣಿ ದಾಟಿ ಆ ಮನೆಯ ಹೊಸ್ತಿಲ ಹೊರಗೆ ನಿಂತು, "ನಿಮ್ಮ ಕೂಸಿಗೆ ಹಾಲು ಕುಡಸ್ಲೇನ್ರಿ?" ಎಂದು ಪರಕೀಯಳಂತೆ ಕೇಳುತ್ತಿದ್ದಳಂತೆ. ಅಂಬವ್ವ "ಕುಡಸವಾ, ಕೂಲಿ ಏನು ತಗೋತಿ?" ಎನ್ನುತ್ತಿದ್ದಳಂತೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವಂತೆ, ನೋಡಿದರೆ ಅಳು ಬಂದು ಆಟ ಕೆಡುತ್ತದೆ ಎಂದು. ಆರನೆಯ ದಿನ ಅವ್ವ ಅದೇ ತೌಡು ತಿರುಗಿ ಕೊಟ್ಟು ನನ್ನನ್ನು "ಸಾಕಾಕ" ತಂದುಕೊಂಡಳು. ಮಗಳೆಂದು ತಂದುಕೊಳ್ಳಲಿಲ್ಲ.

"ನಿಮ್ಮವ್ವ ಇರೋತನಕ ನಿನಗ ಮಗಳ ಅಂತ ಒಂದು ದಿನ ಕರೀಲಿಲ್ಲ. ಮಂದಿ ಕೂಸು ಅಂತಿದ್ಲು. ಎಲ್ಲರ ಮುಂದ ಹಾಂಗ ಅಂದು ಒಳಗ ಹೋಗಿ ನಿನ್ನ ಅಂಗಾಲಿಗೆ ಮುದ್ದಿಡತಿದ್ಲು. ಮಾರಿಗೆ ಮುದ್ದು ಕೊಡಾಕ ಹೆದರಿಕಿ ಆಕಿಗೆ."

ಸ್ನೇಹಲ್, ನನಗೆ ನನ್ನ ಅವ್ವನ ಒಂದೇ ಒಂದು ಮಾತು ನೆನಪಿದೆ. ಮನೆಗೆ ಯಾರೋ ಬಂದಿದ್ದರು, ಕೂಸು ಲಕ್ಷಣವಾಗಿದೆ ಎಂದರು. ಅವಳು ಜೋಳ ಹಸನು ಮಾಡುತ್ತ, ತಲೆ ಎತ್ತದೆ, "ಅದು ನಮ್ಮ ಕೂಸಲ್ಲ ಬಿಡ್ರಿ" ಎಂದಳು. ಐವತ್ತೈದು ವರ್ಷ ಆ ಮಾತನ್ನು ಇಟ್ಟುಕೊಂಡು ಬದುಕಿದ್ದೇನೆ. ನಿನ್ನ ಅಪ್ಪನಿಗೂ ಹೇಳಿರಲಿಲ್ಲ. ದೇಹೂ ರೋಡಿನ ಆ ಮಂಚದ ಮೇಲೆ ಕೂತು ನಾನು ಅತ್ತದ್ದು ನೋಡಿ ಪಾರವ್ವನ ಸೊಸೆ ಹೆದರಿ ನೀರು ತಂದಳು.

ತಿರುಗಿ ಬರುವಾಗ ಲೋಕಲ್‌ನಲ್ಲಿ ಕಿಟಕಿಯ ಜಾಗ ಸಿಕ್ಕಿತು. ಅರವತ್ತರ ಕೆಳಗೆ ಒಬ್ಬಳೂ ತೌಡವ್ವ ಯಾಕಿಲ್ಲ ಎಂಬ ಪ್ರಶ್ನೆಗೆ ಆಗ ಉತ್ತರ ಹೊಳೆಯಿತು. ಸೂಜಿಮದ್ದು ಬಂತು, ಸೂಲಗಿತ್ತಿಯ ಜೊತೆಗೆ ನರ್ಸಬಾಯಿ ಬಂದಳು, ಹುಟ್ಟಿದ ಮಕ್ಕಳು ಉಳಿಯತೊಡಗಿದವು. ಉಳಿಯುವ ಮಕ್ಕಳಿಗೆ ಧೈರ್ಯವಾಗಿ ಚಂದದ ಹೆಸರು ಇಡಬಹುದು. ನನ್ನ ಲೆಕ್ಕ ತಪ್ಪಿರಬಹುದು, ಶರ್ವರಿ ಮಾತ್ರ ಸರಿ ಎಂದು ತಲೆದೂಗಿದಳು. ಹಾಗಿದ್ದರೆ ಈ ಹೆಸರು ಯಾರಿಗೂ ಬೇಡವಾಗಿ ಹೋದದ್ದು ಒಳ್ಳೆಯದೇ ಆಯಿತು. ನಮ್ಮ ಚಿನ್ನುಗೆ ಇಡು ಎಂದು ನಾನು ಹೇಳುವುದಿಲ್ಲ, ಹೆದರಬೇಡ.

ಈಗ ಅರ್ಜಿಯ ಮಾತು. ನಿನ್ನೆ ಬೆಳಿಗ್ಗೆ ಕೋರ್ಟಿನ ಹತ್ತಿರ ಟೈಪು ಮಾಡುವವರ ಬಳಿಗೆ ಹೋಗಿದ್ದೆ. ಹಳೆಯ ಹೆಸರು ತೆಗೆಯದೆ ಕೆಲಸ ಆಗುವ ದಾರಿ ಇದೆಯೇ ಎಂದು ಕೇಳಿದೆ. ಇದೆ, ಎರಡೂ ಹೆಸರಿನವರು ಒಬ್ಬರೇ ಎಂದು ಪ್ರತಿಜ್ಞಾಪತ್ರ ಮಾಡಿಸಿದರೆ ಅದನ್ನು ಲಗತ್ತಿಸಬಹುದು, ನಡೆಯುತ್ತದೋ ಇಲ್ಲವೋ ಕಚೇರಿಯಲ್ಲಿ ಕೇಳಿ ನೋಡಿ ಎಂದ ಆ ಟೈಪಿನವನು. "ಕಾಕು, ತೋ ಕೀ ತೌ?" ಎಂದು, ಎರಡರಲ್ಲಿ ಯಾವುದು ಬರೆಯಲಿ ಎಂದು ಕೇಳಿದ. "ತೌ" ಎಂದೆ, ಜೋರಾಗಿಯೇ ಎಂದೆ, ಪಕ್ಕದ ಮೇಜಿನವರು ತಿರುಗಿ ನೋಡಿದರು. "ತೌಡವ್ವ ಮುರುಗೆಪ್ಪ ಹಂಜಗಿ ಉರ್ಫ್ ನೀಲಿಮಾ ಶಿವಪ್ರಕಾಶ, ಇಬ್ಬರೂ ಒಬ್ಬಳೇ ವ್ಯಕ್ತಿ" ಎಂದು ಅಚ್ಚಾಯಿತು. ಸಹಿ ಹಾಕಿದೆ. ಅದರ ನಕಲು ಈ ಲಕೋಟೆಯಲ್ಲಿದೆ. ಪಾಸ್‌ಪೋರ್ಟಿನವರು ಒಪ್ಪಿದರೆ ಸಿಂಗಾಪುರಕ್ಕೆ ನಿಮ್ಮ ಜೊತೆ ಬರುತ್ತೇನೆ. ಒಪ್ಪದಿದ್ದರೆ ನೀವು ಮೂವರು ಹೋಗಿ ಬನ್ನಿ, ನನಗೆ ಬೇಜಾರಿಲ್ಲ. ನಿನ್ನ ಅರ್ಜಿಯನ್ನು ಹರಿದಿಲ್ಲ. ಪೆನ್ಸಿಲಿನ ಸಾಲನ್ನು ಮಾತ್ರ ಅಳಿಸಿದ್ದೇನೆ.

ಅಳಿಯಂದಿರಿಗೆ ಆಶೀರ್ವಾದ ತಿಳಿಸು. ಊಟ ಹೊತ್ತಿಗೆ ಸರಿಯಾಗಿ ಮಾಡು, ಆಫೀಸಿನ ಸಿಟ್ಟು ಮಗುವಿನ ಮೇಲೆ ತೀರಿಸಬೇಡ. ಚಿನ್ನು ಹಲ್ಲು ಬಿದ್ದದ್ದನ್ನು ವಿಡಿಯೋದಲ್ಲಿ ತೋರಿಸಿದಳು, ಅವಳಿಗೆ ಶೇಂಗಾ ಹೋಳಿಗೆ ಕಳಿಸುತ್ತೇನೆ, ಮೆತ್ತಗೆ ಮಾಡಿ. ನೀವೆಲ್ಲ ನೂರು ವರ್ಷ ತಣ್ಣಗೆ ಬಾಳಿರಿ.

ನಿನ್ನ ಅವ್ವ,
ತೌಡವ್ವ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಪಾರವ್ವ ಹೇಳಿದ ಒಂದು ಮಾತು ಮೇಲೆ ಬರೆಯಲಿಲ್ಲ. ಬೇಕೆಂದೇ ಬಿಟ್ಟಿದ್ದೆ.

ನಾನು ಹೊರಡಲು ಚಪ್ಪಲಿ ಮೆಟ್ಟುವಾಗ ಅವಳು, "ಅಂಬವ್ವ ಸತ್ತು ಇಪ್ಪತ್ತು ವರ್ಷ ಆತು. ನೀ ಹಡದೀ ಅಂತ ಕೇಳಿ ಒಮ್ಮೆ ನಿನ್ನ ನೋಡಾಕ ಪುಣೆಕ್ಕ ಹೋಗಿದ್ಲು. ಸೊಲ್ಲಾಪುರದಾಗ ಇಳದು ನಿಮ್ಮತ್ತಿ ಕಡೆ ಪುಣೆದ ಓಣಿ ಹೆಸರು ಕೇಳ್ಕೊಂಡು ಹೋದಾಕಿ, ಮನಿ ಸಿಗಲಿಲ್ಲ ಅಂತ ಹಾಂಗೇ ಬಂದ್ಲು. ದೊಡ್ಡೂರು, ಹ್ಯಾಂಗ ಸಿಗತದ ಅಂತಿದ್ಲು" ಎಂದಳು.

ಮನೆ ಸಿಕ್ಕಿತ್ತು, ಸ್ನೇಹಲ್. ಅದು ನಿನ್ನ ತೊಟ್ಟಿಲ ದಿನ. ಆಗ ನಾವು ಹಲವು ಸಂಸಾರಗಳಿದ್ದ ಹಳೆಯ ವಾಡೆಯ ಮಹಡಿಯಲ್ಲಿದ್ದೆವು. ಮನೆ ತುಂಬ ನಿನ್ನ ಅಪ್ಪನ ಕಚೇರಿಯವರು, ವಾಡೆಯ ಹೆಂಗಸರು. ಕೆಳಗೆ ಅಂಗಳದಲ್ಲಿ ಮಾಸಿದ ಇಳಕಲ್ಲ ಸೀರೆಯ ಮುದುಕಿಯೊಬ್ಬಳು ನಿಂತು ಕನ್ನಡದಲ್ಲಿ ಏನೋ ಕೇಳುತ್ತಿದ್ದಳು. ಯಾರಿಗೂ ತಿಳಿಯಲಿಲ್ಲ. ಕೆಳಗಿನ ಮನೆಯವರು ನಗುತ್ತ ಮೇಲೆ ಕೂಗಿದರು, ನಿಮ್ಮಲ್ಲಿ ತೌಡವ್ವ ಎಂದು ಯಾರಾದರೂ ಇದ್ದಾರೆಯೇ ಎಂದು. ಗ್ಯಾಲರಿಯಲ್ಲಿ ನಿನ್ನನ್ನು ಎತ್ತಿಕೊಂಡು ನಿಂತಿದ್ದೆ. ಅವಳು ನನಗೇನಾಗಬೇಕೆಂದು ತಿಳಿದಿರಲಿಲ್ಲ. ಊರಿನವರು ಯಾರೋ, ಎಲ್ಲರ ಮುಂದೆ ಆ ಹೆಸರು ಹಿಡಿದು ಕರೆಯುತ್ತಾರೆ ಎಂದು ಮಾತ್ರ ತಿಳಿಯಿತು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಮರಾಠಿಯಲ್ಲಿ ಹೇಳಿದೆ.

ಅವಳು ತಲೆ ಎತ್ತಿ ನೋಡಿದಳು. ನನ್ನನ್ನೂ ನೋಡಿದಳು, ನಿನ್ನನ್ನೂ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದಳು.

ಪಾರವ್ವನಿಗೆ ನಾನು ಏನೂ ಹೇಳಲಿಲ್ಲ. ಊರಿಗೆಲ್ಲ ಅಂಬವ್ವ ಮನೆ ಸಿಗಲಿಲ್ಲ ಎಂದೇ ಹೇಳಿದ್ದಾಳೆ.